ನವಾಹೊ ಕಂಬಳಿ: ಗಿರಣಿ ನೂಲೋ, ಕೈನೂಲೋ?

ಪ್ರಶ್ನೆ: ಅಮೆರಿಕದಿಂದ ತಂದ ಹಳೆಯ ನವಾಹೊ (ಅಲ್ಲಿನ ಮೂಲನಿವಾಸಿ ಬುಡಕಟ್ಟು) ಕಂಬಳಿಯೊಂದು ನಮ್ಮಲ್ಲಿದೆ. ಜರ್ಮನ್‌ಟೌನ್ ನೂಲಿನದಂತೆ. ತಿಳಿಯುವುದು ಹೇಗೆ? ಒಗೆಯಬಹುದೇ?
– ಓದುಗರು, ಶಿರಾ

ಉತ್ತರ: ಅಂಚಿನಲ್ಲಿ ಸಡಿಲಗೊಂಡ ಹೊಕ್ಕಿನ (ಅಡ್ಡ ನೇಯ್ದ) ನೂಲೊಂದನ್ನು ಭೂತಗನ್ನಡಿ ಹಿಡಿದು, ಹುರಿ ಬಿಚ್ಚುವ ಕಡೆಗೆ ಮೆಲ್ಲಗೆ ತಿರುಗಿಸಿ. ನಾಲ್ಕು ಎಳೆ ಬಿಡಿಸಿಕೊಂಡರೆ ಅಮೆರಿಕದ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ಗಿರಣಿ ನೂಲೇ ಇರಬಹುದು. 1870ರ ದಶಕದ ನಡುಭಾಗಕ್ಕೆ ಮುಂಚಿನದು ಸಾಮಾನ್ಯವಾಗಿ ಮೂರೆಳೆ. ನಿಮ್ಮ ಕಡೆಯ ಕುರಿ ಕಂಬಳಿಯಂತೆ ದಪ್ಪ-ಸಣ್ಣ ಒಂಟಿ ಎಳೆಯಾದರೆ ಅದು ಕೈನೂಲು. ಜರ್ಮನ್‌ಟೌನ್ ಕಂಬಳಿಯ ಹಾಸು (ಉದ್ದದ ನೂಲು) ಎಷ್ಟೋ ವೇಳೆ ಹತ್ತಿಯದು, ಉಣ್ಣೆಯಷ್ಟು ಬಾಳದು. ಆದ್ದರಿಂದ ಮೊಳೆಗೆ ನೇತುಹಾಕಬೇಡಿ.

ಒಗೆಯುವುದಂತೂ ಬೇಡವೇ ಬೇಡ! ಅನಿಲೀನ್ ಎಂಬ ರಾಸಾಯನಿಕ ಬಣ್ಣದ ಕೆಂಪು ಪಕ್ಕದ ಬಿಳಿಗೆ ಹರಿದರೆ ಮತ್ತೆ ತೆಗೆಯುವುದು ಬಲು ಕಷ್ಟ. ಧೂಳು ಕೊಡವಿ, ಒಗೆದ ಬಿಳಿ ಹತ್ತಿ ಬಟ್ಟೆಯೊಡನೆ ಸುರುಳಿ ಸುತ್ತಿಡಿ. ಮಡಿಸಿದರೆ ಮಡಿಕೆಯಲ್ಲೇ ಹಾಸು ಕಡಿಯುತ್ತದೆ. ನುಸಿ ಬಿದ್ದಿದೆಯೇ ಎಂದು ತಿಂಗಳಿಗೊಮ್ಮೆ ಬಿಚ್ಚಿ ನೋಡಿ.