ಅಮ್ಮನಿಗೆ ಉಪ್ಪಿನ ಗಂಜಿ ಯಾಕೆ ಬೇಡ?

ಪ್ರಶ್ನೆ: ಡಾಕ್ಟ್ರೇ, ಅಮ್ಮ ನ್ಯುಮೋನಿಯಾ ಆಗಿ ಮಡಿಕೇರಿಯಲ್ಲಿ ಐಸಿಯುನಲ್ಲಿದ್ದಾರೆ. ರಕ್ತದ ಸೋಡಿಯಂ (ಉಪ್ಪಿನಂಶ) 118ಕ್ಕೆ ಇಳಿದಿದೆ, ಮಾತು ತಡವರಿಸುತ್ತಿದೆ. ಗಂಜಿಗೆ ಉಪ್ಪು ಜಾಸ್ತಿ ಹಾಕಿ ಕೊಡುತ್ತೇವೆ ಅಂದರೆ ಬೇಡ ಅಂದರು, ನೀರನ್ನೂ ಕಡಿಮೆ ಮಾಡಿದ್ದಾರೆ. ಯಾಕೆ?
– ಓದುಗರು, ಸೋಮವಾರಪೇಟೆ

ಉತ್ತರ: ನಿಮ್ಮ ಗಾಬರಿ ಸಹಜ. ಸೋಡಿಯಂ 135ರಿಂದ 145 ಇರಬೇಕು, 118 ಅಂದರೆ ತುಂಬಾ ಕಡಿಮೆಯೇ. ಆದರೆ ಇಂಥ ಕಡೆ ಬಹಳ ಸಲ ಉಪ್ಪು ಕಡಿಮೆಯಾಗಿರುವುದಿಲ್ಲ, ನೀರು ಜಾಸ್ತಿಯಾಗಿರುತ್ತದೆ. ನ್ಯುಮೋನಿಯಾದಲ್ಲಿ ಎಡಿಎಚ್ ಎಂಬ ಹಾರ್ಮೋನು ಹೆಚ್ಚಾಗಿ, ಮೂತ್ರಪಿಂಡ ನೀರನ್ನು ಹೊರಗೆ ಬಿಡದೆ ಒಳಗೇ ಉಳಿಸಿಕೊಂಡು, ರಕ್ತ ತೆಳುವಾಗಿ ಮಿದುಳು ಊದಿಕೊಳ್ಳಬಹುದು, ಮಾತು ತಡವರಿಸುವುದು ಅದಕ್ಕೇ ಇರಬಹುದು. ಹಾಗಾಗಿಯೇ ಗಂಜಿಗೆ ಉಪ್ಪು ಹಾಕುವ ಬದಲು ನೀರು ಕಡಿಮೆ ಮಾಡಿರಬಹುದು. ಫಿಟ್ಸ್ ಬಂದರೆ 3% ಸಲೈನ್ (ಗಾಢ ಉಪ್ಪುನೀರಿನ ಡ್ರಿಪ್) ಕೊಡುತ್ತಾರೆ. ಅವಸರ ಮಾತ್ರ ಬೇಡ. 24 ಗಂಟೆಯಲ್ಲಿ ಸೋಡಿಯಂ 8–10 ಅಂಕಕ್ಕಿಂತ ಜಾಸ್ತಿ ಏರಿದರೆ ಮಿದುಳಿನ ನರಗಳಿಗೇ ಪೆಟ್ಟಾಗಬಹುದು. ಅಮ್ಮನ ಬಿಪಿ ಮಾತ್ರೆಯ ಚೀಟಿ ಇದ್ದರೆ ಇವತ್ತೇ ಅಲ್ಲಿ ತೋರಿಸಿ, ಕೆಲವು ಮಾತ್ರೆಗಳೂ ಸೋಡಿಯಂ ಇಳಿಸುತ್ತವೆ.