ಪ್ರತಿಕ್ರಿಯೆ: ಏಪ್ರಿಲ್ ಕೊನೆಯಲ್ಲಿ ಹಿರಿಯರೊಂದಿಗೆ ಪ್ಯಾರಿಸ್

ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಏಪ್ರಿಲ್ ಕೊನೆಯ ವಾರ ಪ್ಯಾರಿಸ್‌ಗೆ ಹೋದರೆ ಚೆರ್ರಿ ಹೂವು ಸಿಗುವುದೇ, ಓಡಾಟ ಕಷ್ಟವಾಗುವುದೇ ಎಂದು ಕೇಳಿದ್ದೀರಿ. ನಗರದ ದಕ್ಷಿಣಕ್ಕಿರುವ ಸೋ ಉದ್ಯಾನದ ಚೆರ್ರಿ ತೋಪುಗಳು ಸಾಮಾನ್ಯವಾಗಿ ಏಪ್ರಿಲ್ ಮಧ್ಯದ ಹೊತ್ತಿಗೆ ಅರಳುವುದರಿಂದ, ಹೂವೇ ಮುಖ್ಯವಾದರೆ ಪ್ರಯಾಣವನ್ನು ಒಂದು ವಾರ ಮೊದಲೇ ಇಟ್ಟುಕೊಳ್ಳುವುದು ಒಳಿತು. ಹಗಲಿನಲ್ಲಿ ಹಿತವೆನಿಸಿದರೂ ಬೆಳಗ್ಗೆ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯಬಹುದು. ಸ್ವೆಟರ್, ಕೊಡೆ ಎರಡೂ ಜೊತೆಗಿರಲಿ.

ನಿಜವಾದ ತೊಂದರೆ ಇರುವುದು ಮೆಟ್ರೋದ ಮೆಟ್ಟಿಲುಗಳಲ್ಲಿ. 1900ರಲ್ಲಿ ಆರಂಭವಾದ ಆ ಜಾಲದ ಹಳೆಯ ನಿಲ್ದಾಣಗಳಲ್ಲಿ ಬಹುಪಾಲು ಲಿಫ್ಟ್ ಇಲ್ಲ. 14ನೇ ಮಾರ್ಗವೊಂದರಲ್ಲಿ ಮಾತ್ರ ಎಲ್ಲ ನಿಲ್ದಾಣಗಳಲ್ಲೂ ಇದೆ. ಮಂಡಿನೋವಿರುವವರಿಗೆ ಬಸ್ಸೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಐಫೆಲ್ ಗೋಪುರದ ಬಳಿಯಿಂದ ಹೊರಡುವ 69ನೇ ಸಂಖ್ಯೆಯ ಬಸ್ಸು ಓರ್ಸೆ ಮತ್ತು ಲೂವ್ರ್ ವಸ್ತುಸಂಗ್ರಹಾಲಯಗಳನ್ನು, ಬಾಸ್ಟೀಲ್ ಚೌಕವನ್ನು ಹಾದು ಹೋಗುವುದರಿಂದ, ಕಿಟಕಿಯ ಪಕ್ಕದ ಆಸನ ಸಿಕ್ಕರೆ ಅದೇ ಅಗ್ಗದ ನಗರದರ್ಶನ. (ಸಂಜೆಯ ನೂಕುನುಗ್ಗಲಿನಲ್ಲಿ ಮಾತ್ರ ಬೇಡ.)

ಲೂವ್ರ್‌ಗೆ ಮಂಗಳವಾರ, ಓರ್ಸೆ ಮತ್ತು ವರ್ಸೇಲ್ಸ್ ಅರಮನೆಗೆ ಸೋಮವಾರ ರಜೆ. 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ನೋತ್ರ್ ದಾಮ್ ಚರ್ಚಿಗೆ ಪ್ರವೇಶ ಉಚಿತ. ನಿಮ್ಮ ಪ್ರವಾಸ ಮೇ 1ರವರೆಗೂ ಮುಂದುವರಿದರೆ, ಕಾರ್ಮಿಕರ ದಿನವಾದ ಅಂದು ಲೂವ್ರ್, ಓರ್ಸೆ, ವರ್ಸೇಲ್ಸ್ ಮೂರೂ ಮುಚ್ಚಿರುವುದರಿಂದ, ಆ ದಿನವನ್ನು ಉದ್ಯಾನಗಳಿಗೆ ಮೀಸಲಿಡಿ.