ಓದುಗರ ಪ್ರಶ್ನೆ: ಎಳೆದು ಸಾಗಿಸುವ ಕೋಳಿಗೂಡು

ಪ್ರಶ್ನೆ: ಮನೆ ಹಿಂದಿನ ಬಾಣೆಯಲ್ಲಿ (ಹುಲ್ಲುಗಾವಲಿನ ಜಾಗ) ಆರು ಗಿರಿರಾಜ ತಳಿಯ ಹೇಂಟೆಗಳನ್ನು ಸಾಕುತ್ತಿದ್ದೇವೆ. ದಿನಕ್ಕೊಂದು ಜಾಗಕ್ಕೆ ಎಳೆದಿಡುವ ಗೂಡು ಮಾಡಿಸಬೇಕು. ಅಳತೆ, ಸಾಮಾನು ತಿಳಿಸಿ.
— ಓದುಗರು, ಸುಂಟಿಕೊಪ್ಪ

ಉತ್ತರ: 8 ಅಡಿ ಉದ್ದ, 4 ಅಡಿ ಅಗಲ ಸಾಕು. ಒಂದು ತುದಿಯ 3 ಅಡಿಯನ್ನು ರಾತ್ರಿ ಮಲಗುವ ಪೆಟ್ಟಿಗೆಗೆ ಬಿಡಿ. ಅದರ ತಳ ನೆಲದಿಂದ 2 ಅಡಿ ಮೇಲಿದ್ದರೆ ಕೆಳಗಿನ ಜಾಗವೂ ಕೋಳಿಗಳ ಓಡಾಟಕ್ಕೆ ಸಿಗುತ್ತದೆ. ಚೌಕಟ್ಟಿಗೆ 1 ಇಂಚಿನ ಜಿಐ (ಸತು ಲೇಪಿತ ಕಬ್ಬಿಣದ) ಚೌಕ ಪೈಪ್, ಪೆಟ್ಟಿಗೆಯ ಗೋಡೆಗೆ ಅರ್ಧ ಇಂಚಿನ ಸಿಲ್ವರ್ ಓಕ್ ಹಲಗೆ ಬಳಸಿ. ಸಾಮಾನ್ಯ ಪ್ಲೈವುಡ್ ನಮ್ಮ ಕೊಡಗಿನ ಮಳೆಗೆ ಪದರ ಬಿಡುತ್ತದೆ, ಬೇಡ. ಮಾಡಿಗೆ ತಿಳಿ ಬಣ್ಣದ ತಗಡಿನ ಶೀಟ್ ಹಾಕಿ, ಸುತ್ತ 1 ಅಡಿ ಹೊರಚಾಚಿರಲಿ.

ಒಳಗೆ 4 ಅಡಿಯ ಒಂದು ಅಡ್ಡಗೋಲು ಸಾಕು, ಕೋಳಿಗೆ 8 ಇಂಚಿನಂತೆ ಆರಕ್ಕೂ ಸ್ಥಳವಾಗುತ್ತದೆ. ಗಿರಿರಾಜ ತೂಕದ ಕೋಳಿ, ಎತ್ತರದಿಂದ ಹಾರಿದರೆ ಕಾಲಿಗೆ ಪೆಟ್ಟು. ಹಾಗಾಗಿ ಕೋಲು ಪೆಟ್ಟಿಗೆಯ ತಳದಿಂದ ಒಂದೂವರೆ ಅಡಿ ದಾಟದಿರಲಿ. ಮೊಟ್ಟೆ ಇಡಲು 1 ಅಡಿ ಚೌಕದ ಎರಡು ಗೂಡುಗಳನ್ನು ಕೋಲಿಗಿಂತ ತಗ್ಗಿನಲ್ಲಿಡಿ. ಗೂಡು ಮೇಲಿದ್ದರೆ ಕೋಳಿಗಳು ಅಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ, ಮೊಟ್ಟೆಯೆಲ್ಲ ಕೊಳೆ.

ಹೆಚ್ಚಿನವರು ಎಡವುವುದು ಚಕ್ರದಲ್ಲಿ. ಚೌಕಟ್ಟಿನ ಅಡಿಗೇ ಚಕ್ರ ಕೂರಿಸಿದರೆ ಗೂಡು ಸದಾ ನೆಲದಿಂದ ಮೇಲೆ ನಿಂತು, ಸುತ್ತಲೂ ಸಂದು ಉಳಿಯುತ್ತದೆ. 10 ಇಂಚಿನ ಅಗಲ ಟೈರಿನ ಚಕ್ರಗಳನ್ನು ಪೆಟ್ಟಿಗೆ ಇರುವ ಭಾರದ ತುದಿಯಲ್ಲಿ, ಚೌಕಟ್ಟಿನ ಅಂಚಿನಿಂದ 6 ಇಂಚು ಹೊರಗೆ, ನೆಲಕ್ಕಿಂತ ಅರ್ಧ ಇಂಚು ಮೇಲಿರುವಂತೆ ಜೋಡಿಸಿ. ಎದುರು ತುದಿಯ ಹಿಡಿಕೆ ಎತ್ತಿದಾಗ ಮಾತ್ರ ಚಕ್ರ ನೆಲಕ್ಕೆ ತಾಗಿ ಗೂಡು ಉರುಳುತ್ತದೆ, ಇಳಿಸಿದರೆ ಚೌಕಟ್ಟು ನೆಲಕ್ಕೆ ಕೂರುತ್ತದೆ. ಸೈಕಲ್ ಚಕ್ರ ತೆಳು, ಒದ್ದೆ ಮಣ್ಣಿನಲ್ಲಿ ಹೂತುಹೋಗುತ್ತದೆ. ಬಾಣೆ ಇಳಿಜಾರಾಗಿದ್ದರೆ ನಿಲ್ಲಿಸಿದ ಮೇಲೆ ಕೆಳಬದಿಗೆ ಕಲ್ಲು ಕೊಡಲು ಮರೆಯಬೇಡಿ.

ಪ್ರಶ್ನೆ: ಕೋಳಿ ಜಾಲರಿ ಬಿಗಿಯಾಗಿಯೇ ಇತ್ತು. ಆದರೂ ರಾತ್ರಿ ಒಂದು ಕೋಳಿಯ ತಲೆ ಕಿತ್ತುಹೋಗಿತ್ತು. ಹೇಗೆ?
— ಓದುಗರು, ವಿರಾಜಪೇಟೆ

ಉತ್ತರ: ಆರು ಮೂಲೆಯ ಕಣ್ಣಿನ ಆ ಜಾಲರಿ ಕೋಳಿ ಹೊರಹೋಗದಂತೆ ತಡೆಯುತ್ತದೆ, ಶತ್ರುವನ್ನಲ್ಲ. ಪುನುಗು ಬೆಕ್ಕು, ಮುಂಗುಸಿಗಳು ಕಣ್ಣಿನೊಳಗಿಂದಲೇ ಕೋಳಿಯನ್ನು ಹಿಡಿದೆಳೆಯುತ್ತವೆ. ನಾಯಿ ತಂತಿಯನ್ನೇ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ಜಾಲರಿ) ಹಾಕಿಸಿ. ಕಟ್ಟುತಂತಿಯಿಂದ ಬಿಗಿದರೆ ಸಡಿಲಾಗುತ್ತದೆ, ಮೇಲೆ ಪಟ್ಟಿ ಇಟ್ಟು ಸ್ಕ್ರೂ ಹಾಕಿ. ಕೆಳಗೆ ತೋಡಿಕೊಂಡು ಬರದಂತೆ 1 ಅಡಿ ಅಗಲದ ಮೆಶ್ ಅನ್ನು ಸುತ್ತಲೂ ನೆಲದ ಮೇಲೆ ಹಾಸಿ. ಅದಕ್ಕೆ ತಿರುಗಣಿ ಕೂರಿಸಿದರೆ ಗೂಡು ಎಳೆಯುವಾಗ ಮಡಚಿಡಬಹುದು. ಕೊಕ್ಕೆ ಒಂದೇ ಸಾಲದು, ಚಿಲಕಕ್ಕೆ ಪಿನ್ ಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಗೂಡಿಗೆ ಸುತ್ತ ಟಾರ್ಪಾಲು ಕಟ್ಟಿದ್ದೇವೆ. ಒಳಗೆ ಕಣ್ಣುರಿಯುವ ವಾಸನೆ, ಕೋಳಿಗಳು ಸೀನುತ್ತಿವೆ.
— ಓದುಗರು, ಭಾಗಮಂಡಲ

ಉತ್ತರ: ಟಾರ್ಪಾಲು ಇಂದೇ ಬಿಚ್ಚಿ. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಹೊರಹೋಗದೆ ಕೋಳಿಯ ಕಣ್ಣು, ಉಸಿರ್ನಾಳವನ್ನು ಸುಡುತ್ತಿದೆ. ಮಳೆಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಆ ಬದಿ ಮಾತ್ರ ಮುಚ್ಚಿ, ಉಳಿದೆಡೆ ಮಾಡಿನ ಕೆಳಗೆ 6 ಇಂಚು ಎತ್ತರಕ್ಕೆ ಮೆಶ್ ಮಾತ್ರ ಇರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಗೂಡನ್ನು ಜಾಗದಿಂದ ಜಾಗಕ್ಕೆ ಎಳೆಯುವ ಆಸೆ ಬಿಡಿ. ಕಾಫಿ ಒಣಗಿಸುವ ಕಣ ಆಗ ಖಾಲಿ. ಅದರ ಎತ್ತರದ ಅಂಚಿನಲ್ಲಿ ನಿಲ್ಲಿಸಿ, ನೀರು ಹರಿದುಬರದಂತೆ ಸುತ್ತ ಇಟ್ಟಿಗೆ ಜೋಡಿಸಿ, 4 ಇಂಚು ಭತ್ತದ ಹೊಟ್ಟು ಹಾಸಿ ದಿನವೂ ಕೆದಕಿ. ಒದ್ದೆಯಾದ ಭಾಗವನ್ನು ಅಂದೇ ತೆಗೆಯಿರಿ. ತೇವದ ಹಾಸಿನಲ್ಲೇ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಹಬ್ಬುವುದು. ಹಿಕ್ಕೆಯಲ್ಲಿ ರಕ್ತ ಕಂಡರೆ, ಸೀನು ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ.

ಪ್ರಶ್ನೆ: ಗೂಡನ್ನು ಕಾಫಿ ಸಾಲಿನ ನಡುವೆ ಎಳೆದಾಡಬಹುದೇ?
— ಓದುಗರು, ಪೊನ್ನಂಪೇಟೆ

ಉತ್ತರ: ಖಾಲಿ ಜಾಗವಿದ್ದರೆ ಆಗಬಹುದು. ಮೆಣಸು ಬಳ್ಳಿಯ ಬುಡಕ್ಕೆ ಮಾತ್ರ ಬೇಡವೇ ಬೇಡ. ಕೋಳಿ ಕೆದಕಿದರೆ ಮೇಲ್ಮಟ್ಟದ ಬೇರು ಗಾಯಗೊಂಡು ಸೊರಗು ರೋಗಕ್ಕೆ ದಾರಿಯಾಗುತ್ತದೆ. ಕೀಟನಾಶಕವಾಗಲಿ ಬೋರ್ಡೋ ದ್ರಾವಣವಾಗಲಿ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪಡಿಸಿದ ಸಾಲಿಗೂ ಒಯ್ಯಬೇಡಿ. ಒಮ್ಮೆ ನಿಲ್ಲಿಸಿದ ಜಾಗಕ್ಕೆ ಮತ್ತೆ ಬರಲು ಮೂರು, ನಾಲ್ಕು ವಾರ ಬಿಡಿ.